ವಿರೂಪಣ್ಣನವರ ಹಿಮ್ಮಡಿ

ಮಾನ್ವಿಯ ಅಕ್ಕಿ ಗಿರಣಿಯೊಂದರ ಯಜಮಾನರಾದ ವಿರೂಪಣ್ಣನವರು ಶಿವಪೂಜಾನಿಷ್ಠರು. ಕುದಿಸಿದ ಭತ್ತವನ್ನು ಗಿರಣಿಯ ಕಣದಲ್ಲಿ ಹರವಿ, ಕಾಲಿನಿಂದ ಸಾಲುಸಾಲಾಗಿ ತಿರುವಿ ಒಣಗಿಸುವುದು ಅಲ್ಲಿಯ ರೂಢಿ. ಆಳುಗಳು ಎಷ್ಟಿದ್ದರೂ ಯಜಮಾನರು ದಿನಕ್ಕೊಮ್ಮೆ ತಾವೇ ಕಣಕ್ಕಿಳಿಯುವರು, ಅದೂ ಬರಿಗಾಲಿನಲ್ಲಿ. “ಶಿವನಿಗೆ ನೈವೇದ್ಯದ ಎಡಿ ಆಗೋ ನೆಲ್ಲು ಇದು. ಇದರ ಮ್ಯಾಲ ಚಪ್ಪಲಿ ಇಡಬೇಕೇನು?” ಎಂಬುದು ಅವರ ಮಾತು. ಕಾದ ಕಣದ ಮೇಲೆ ನಡೆದೂ ನಡೆದೂ ಅವರ ಹಿಮ್ಮಡಿಗಳು ಬೇಸಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿದ್ದವು.

ಒಂದು ಮುಂಜಾನೆ ಅವರ ಪತ್ನಿ ಮಹಾಂತಮ್ಮ ಬಿಲ್ವಪತ್ರೆಯ ತಟ್ಟೆ ಹಿಡಿದು ಬಂದಾಗ ಪೂಜೆಯ ಮಣೆ ಬರಿದಾಗಿತ್ತು. ಎಂಥ ಜ್ವರದಲ್ಲಿಯೂ ಪೂಜೆ ತಪ್ಪಿಸದ ಗಂಡ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ಆಕೆ ಕಂಬಳಿ ಸರಿಸಿ ನೋಡಿದಳು. ಹಿಂದಿನ ಸಂಜೆ ಪಾದದಲ್ಲಷ್ಟೇ ಇದ್ದ ಕೆಂಪು ಈಗ ಮೊಣಕಾಲಿನ ಹತ್ತಿರ ಬಂದಿತ್ತು. ಕಾಲು ಬಾತು ಮಿರಮಿರನೆ ಹೊಳೆಯುತ್ತಿತ್ತು. ಆಕೆ ಗಂಡನ ತೋಳು ಹಿಡಿದು ಎಬ್ಬಿಸಲು ನೋಡಿದಳು.

“ದವಾಖಾನಿಗೆ ನಡೀರಿ.”

“ಅರಿಶಿಣ ಹಚ್ಚೀನಿ. ತಮ್ಮ ಕೊಟ್ರೇಶಂದು ಉಳದ ಗುಳಿಗಿ ಇತ್ತು, ಅದನ್ನೂ ನುಂಗೀನಿ. ಸುಮ್ನಿರು.”

ಮಹಾಂತಮ್ಮ ಸುಮ್ಮನಿರಲಿಲ್ಲ. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಶಶಿಕಲಾಳಿಗೆ ಗುಳಿಗೆಯ ವಿಷಯವನ್ನೂ ಹೇಳಿ ಕರೆತಂದಳು. ದೇವದುರ್ಗದ ಕಡೆಯ ಗಬ್ಬೂರಿನವಳಾದ ಶಶಿಕಲಾ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಯಜಮಾನರ ತಮ್ಮ ಕೊಟ್ರೇಶನೂ ಗಿರಣಿಯಿಂದ ಓಡಿಬಂದನು.

“ಯಪ್ಪಾ, ಕೊಟ್ರೇಶಣ್ಣನ ಗುಳಿಗಿ ಕೆಮ್ಮಿಂದು. ಅದಕ್ಕ ನಿಮ್ಮ ಕಾಲಿನ ದಾರಿ ಗೊತ್ತಿರತದೇನ್ರಿ?” ಎಂದು ಶಶಿಕಲಾ ನಕ್ಕಳು. ಕಾಲನ್ನು ನೋಡಿದ ಮೇಲೆ ನಗೆ ನಿಂತಿತು. “ಇದು ಸೋಂಕ್ರಿ. ಹಿಮ್ಮಡಿ ಸೀಳಿನಾಗಿಂದ ಒಳಗ ಹೊಕ್ಕದ. ಮ್ಯಾಲ ಹರಿಯಾಕತ್ತದ. ಈಗಿಂದೀಗ ಹೊಂಡ್ರಿ.”

“ಸೋಂಕು ಇರೋದು ದವಾಖಾನ್ಯಾಗ!” ವಿರೂಪಣ್ಣನವರು ಕಂಬಳಿಯೊಳಗಿನಿಂದಲೇ ಗುಡುಗಿದರು. “ಈ ಕೊಟ್ರೇಶ ನಡಕೋಂತ ಹೋದಾವ. ಹೋದ ದಿನಾನ ಶ್ವಾಸಕೋಶಕ್ಕ ಸೋಂಕು ಅಂದ್ರು. ಮನಿಯಾಗ ಚಲೋ ಇದ್ದ, ಅಲ್ಲೇ ಹತ್ತಿಸಿ ಕಳಿಸಿದ್ರು. ನಾ ಬರಂಗಿಲ್ಲ.”

ಶಶಿಕಲಾ ಮಂಚದ ಬಳಿ ಕುಳಿತಳು. “ಅಲ್ಲೂ ಒಮ್ಮೊಮ್ಮೆ ಹತ್ತತದ, ಇಲ್ಲ ಅನ್ನಂಗಿಲ್ಲ. ಅದಕ್ಕ ನಾವು ಹಗಲೆಲ್ಲಾ ಕೈ ತೊಳೀತೀವಿ. ಒಂದು ಮಾತು ಹೇಳ್ರಿ. ಲಾರಿ ಬರತದ, ಚೀಲ ಇಳಸತಾರ, ಬಿಚ್ಚಿದ ಕೂಡಲೆ ಹುಳ ಹರದಾಡತಾವ. ಆ ಹುಳ ನಿಮ್ಮ ಗಿರಣಿಯಾಗ ಹುಟ್ಟಿದ್ದೇನ್ರಿ?”

ನಡುಗುತ್ತಿದ್ದ ಯಜಮಾನರು ಸೆಟೆದು ಕುಳಿತರು. “ಹೆಂಗ ಹುಟ್ಟತದ? ಬಿಚ್ಚಿದ ಕೂಡಲೆ ಕಂಡ್ರ ಅದು ಚೀಲದ ಜೋಡೀನ ಬಂದದ್ದು! ಆ ಚೀಲ ಕಳಸೋ ಸಿರವಾರದ ಸಾವಕಾರರ ಕೂಡ ನಾ ಇದಕ್ಕಾಗಿನ ಜಗಳ…”



“ಅಣ್ಣಾ, ಸಿಕ್ಕಿಬಿದ್ದಿ,” ಎಂದ ಕೊಟ್ರೇಶ. “ನಂಗೂ ಕೆಮ್ಮು, ಉಬ್ಬಸ ದವಾಖಾನಿಗೆ ಹೋಗೂಕಿಂತ ಮೊದಲಾನ ಇತ್ತು. ನೀ ಬೈತೀ ಅಂತ ಹೇಳಿದ್ದಿಲ್ಲ.”

ವಿರೂಪಣ್ಣನವರು ತಮ್ಮನನ್ನು ನೋಡಿದರು, ಕಾಲನ್ನು ನೋಡಿದರು. “ನಕ್ಕೋಂತ ಏನ ನಿಂತೀಲೇ? ಕಾರು ತಗಿ!”

ರಾಯಚೂರಿನ ಆಸ್ಪತ್ರೆಯಲ್ಲಿ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ನರಕ್ಕೆ ಔಷಧ ಏರಿಸಿದರು. ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆಯೆಂಬುದೂ ಅಂದೇ ತಿಳಿಯಿತು. ಸಕ್ಕರೆ ಏರಿದ ದೇಹದಲ್ಲಿ ಸೋಂಕು ಬೇಗ ಹಬ್ಬುತ್ತದೆ. ಕಾಲಿನ ಗಾಯದ ನೋವೂ ತಿಳಿಯದೆ ಹೋಗುತ್ತದೆ.

ಮಹಾಂತಮ್ಮನಿಗೆ ಬೇಕಾಗಿದ್ದುದು ಒಂದೇ ಉತ್ತರ. “ಕಾಲು ಉಳೀತದೇನ್ರಿ ಡಾಕ್ಟರ್ರೇ?”

“ಹೊತ್ತಿಗೆ ಸರಿಯಾಗಿ ಕರಕೊಂಡು ಬಂದೀರಿ ತಾಯಿ. ಉಳೀತದ. ಇನ್ನೂ ತಡ ಮಾಡಿದ್ದರ ವಿಷ ರಕ್ತಕ್ಕ ಏರತಿತ್ತು. ಆಗ ಕಾಲಷ್ಟ ಅಲ್ಲ, ಜೀವಾನೂ ಕಷ್ಟ ಆಗತಿತ್ತು.”

ಜ್ವರ ಇಳಿಯಿತು. ಕೆಂಪು ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಯಜಮಾನರ ಧ್ವನಿಯೂ ಮರಳಿತು. ಮಾತನಾಡಿಸಲು ಬಂದ ಕೊಟ್ರೇಶನಿಗೆ ಮಂಚದಿಂದಲೇ ಆಜ್ಞೆಯಾಯಿತು: “ಕಣಕ್ಕ ಅಂತಾನ ಬ್ಯಾರೆ ಬೂಟು ತಂದಿಡು. ದಿನಾ ತೊಳೀಬೇಕು, ಬೀದಿ ಮುಟ್ಟಬಾರದು. ಶಿವನ ನೆಲ್ಲಿಗೂ ಮೈಲಿಗಿಲ್ಲ, ಆಳುಗಳ ಕಾಲಿಗೂ ಅಪಾಯಿಲ್ಲ. ಎಲ್ಲಿ, ನಿನ್ನ ಹಿಮ್ಮಡಿ ತೋರಸು!”

ಅಂದಿನಿಂದ ಬಂದವರ ಕ್ಷೇಮಸಮಾಚಾರಕ್ಕಿಂತ ಮೊದಲು ಹಿಮ್ಮಡಿಯ ತಪಾಸಣೆ. ವಾರ್ಡಿನವರಿಗೆಲ್ಲ ನಗೆಯೋ ನಗೆ.

ಮನೆಗೆ ಹೊರಡುವ ದಿನ, ಬಟ್ಟೆ ಗಂಟು ಕಟ್ಟುತ್ತಿದ್ದ ಹೆಂಡತಿಯ ಕಾಲಿನ ಮೇಲೆ ಅವರ ದೃಷ್ಟಿ ಬಿತ್ತು. ಸೀರೆಯ ಅಂಚಿನ ಕೆಳಗೆ ಎರಡೂ ಹಿಮ್ಮಡಿಗಳು ಆಳವಾಗಿ ಸೀಳುಬಿಟ್ಟಿದ್ದವು. ಇಷ್ಟು ವರ್ಷಗಳಲ್ಲಿ ಅವರು ಅದನ್ನು ಕಂಡಿರಲಿಲ್ಲ.

“ಇಲ್ಲಿ ಕೂಡು,” ಎಂದರು. ದಿನವೂ ತಮ್ಮ ಪಾದ ಮುಟ್ಟಿ ನಮಸ್ಕರಿಸುತ್ತಿದ್ದವಳ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಶಶಿಕಲಾ ಕೊಟ್ಟಿದ್ದ ಮುಲಾಮನ್ನು ಸವರತೊಡಗಿದರು.

“ಯಪ್ಪಾ ಶಿವನೇ! ಬಿಡ್ರಿ, ಮಂದಿ ನೋಡಾಕತ್ತಾರ!”

“ನೋಡ್ಲಿ ಬಿಡು. ನೋಡಿ ಕಲೀಲಿ.”

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ದೊಡ್ಡವರು ಆಸ್ಪತ್ರೆ ಸೇರುವಂತೆ ಮಾಡುವ ಸೋಂಕುಗಳು ಬಹಳಷ್ಟು ಸಲ ನಮ್ಮ ಮನೆ, ಹೊಲ, ಕೆಲಸದ ಜಾಗಗಳಲ್ಲಿಯೇ ಹತ್ತಿರುತ್ತವೆ. ನಡುಕದ ಜ್ವರ, ಹರಡುವ ಕೆಂಪು, ಏದುಸಿರು, ಉರಿಮೂತ್ರ, ಇದ್ದಕ್ಕಿದ್ದಂತೆ ಮಂಕು ಕವಿಯುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗಿರಿ. ಇನ್ನೊಬ್ಬರ ಗುಳಿಗೆ ನುಂಗಬೇಡಿರಿ. ನಿಮಗೆ ಬರೆದುಕೊಟ್ಟದ್ದನ್ನು ಅರ್ಧಕ್ಕೆ ಬಿಡಬೇಡಿರಿ. ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿಕೊಳ್ಳಿರಿ. ಇಂದು ಸಂಜೆ ಕಾಲು ತೊಳೆದು ಒರೆಸಿಕೊಳ್ಳುವಾಗ ನಿಮ್ಮ ಹಿಮ್ಮಡಿಯನ್ನು ನೋಡಿಕೊಳ್ಳಿರಿ. ಆಮೇಲೆ ನಿಮಗಾಗಿ ದುಡಿಯುವವರ ಹಿಮ್ಮಡಿಯನ್ನೂ ನೋಡಿರಿ.