ಬಕೆಟ್ಟಿನೊಳಗಿನ ವಾಸನೆ

ನನ್ನ ತಮ್ಮ ಹಾಲೇಶ ಕೃಷಿ ಓದಿದವನು, ಹೊಸಪೇಟೆಯಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟವನು. ಅವನು ಮಾತಿಗೆ ಕೂತರೆ ನಾನು ಒಲೆಯ ಮೇಲಿನ ಹಾಲು ಮರೆಯುತ್ತಿದ್ದೆ. ಅಷ್ಟು ಹುಚ್ಚು ಪ್ರೀತಿ. ಈಗ ನೆನೆದರೆ ಮೈ ಉರಿಯುತ್ತದೆ.

ಸಂಡೂರು ರಸ್ತೆಯ ಪಕ್ಕ ಅಪ್ಪ ನಮ್ಮಿಬ್ಬರ ಹೆಸರಿಗೆ ಬಿಟ್ಟ ಹೊಲದಲ್ಲಿ ನಾನು ತೆಂಗು ಹಾಕಿದ್ದೆ. ಅದಿರು ಲಾರಿಗಳ ಕೆಂಧೂಳು ಕೂತ ಗರಿಗಳನ್ನು ತೊಳೆದು ತೊಳೆದು ಬೆಳೆಸಿದ್ದೆ. ಸುತ್ತಲಿನ ಹೊಲಗಳೆಲ್ಲ ಅದಿರು ಸುರಿಯುವ ಸ್ಟಾಕ್‌ಯಾರ್ಡ್ ಆಗುತ್ತಿದ್ದವು. ನಮ್ಮದನ್ನೂ ಕೊಡೋಣವೆಂದು ಹಾಲೇಶ ಒಮ್ಮೆ ಕೇಳಿದ್ದ. ತೆಂಗು ಇರುವವರೆಗೆ ಸಹಿ ಹಾಕುವುದಿಲ್ಲ ಎಂದೆ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಇನ್ನೇನು ಮೊದಲ ಹೊಂಬಾಳೆ ಒಡೆಯಬೇಕು, ಅಷ್ಟರಲ್ಲಿ ಕೊಂಬಿನ ದುಂಬಿ ಒಂದೆರಡು ಗಿಡದ ಸುಳಿ ಕೊರೆಯಿತು. ಹಾಲೇಶ ಮರುದಿನವೇ ಬಕೆಟ್ಟುಗಳನ್ನು ತಂದು ತೋಟದ ತುಂಬ ಎತ್ತರಕ್ಕೆ ಕಟ್ಟಿದ.

“ಇದರಾಗ ದುಂಬಿ ಕರಿಯೋ ವಾಸನಿ ಐತಕ್ಕ. ಬಂದಾವು ತಳದಾಗಿನ ನೀರಾಗ ಬಿದ್ದು ಸಾಯ್ತಾವ.”

“ಅಷ್ಟು ದೂರದಿಂದ ಅವಕ್ಕ ಹೆಂಗ ಗೊತ್ತಾಗ್ತೈತಲೇ?”

“ಮೀಸಿಯಿಂದ. ಮೀಸಿ ಕೂದಲಾಗ ಸಣ್ಣ ಸಣ್ಣ ತೂತು, ಒಳಗ ನೀರು. ವಾಸನಿ ಎಣ್ಣಿ ಇದ್ದಂಗ, ನೀರಾಗ ಬೆರಿಯಂಗಿಲ್ಲ. ಅಲ್ಲೊಂದು ಪ್ರೋಟೀನ್ ಹಮಾಲಿ ಇದ್ದಂಗ ಅದನ್ನ ಹೊತ್ಕೊಂಡು ಹೋಗಿ ಒಳಬಾಗ್ಲಿಗೆ ಮುಟ್ಟಸ್ತೈತಿ. ಬಾಗ್ಲಾಗ ಕುಂತ ಇನ್ನೊಂದು ಪ್ರೋಟೀನ್ ಗುರ್ತು ಹಿಡೀತೈತಿ. ಸುದ್ದಿ ಮುಟ್ಟಿದ ಮ್ಯಾಲ ಮತ್ತೊಂದು ಬಂದು ವಾಸನಿನ್ನ ಒಡದು ಹಾಕ್ತೈತಿ. ಇಲ್ಲಾಂದ್ರ ಹುಳ ಅದ ಗುಂಗಿನಾಗ ಉಳೀತಿತ್ತು. ನೀ ಮಾತ್ರ ಬಕೆಟ್ ಮುಟ್ಟಬ್ಯಾಡ, ವಿಷ ಐತಿ. ನಾನ ಬಂದು ನೋಡ್ತೀನಿ.”

ನಾನು ಮುಟ್ಟಲಿಲ್ಲ. ವಾರವಾರವೂ ಬಂದು ಏಣಿ ಹತ್ತಿ, “ಭಾಳ ಬಿದ್ದಾವಕ್ಕ” ಎನ್ನುತ್ತಿದ್ದ. ನಾನು ಚಹಾ ಕೊಡುತ್ತಿದ್ದೆ. ಗಿಡಗಳು ಮಾತ್ರ ಒಂದರ ಹಿಂದೊಂದು ಸುಳಿ ಕೊಳೆತು ಸಾಯುತ್ತಿದ್ದವು. ಬಕೆಟ್ ಇರದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ ಎಂದುಕೊಳ್ಳುತ್ತಿದ್ದೆ, ದಡ್ಡಿ.

ಒಂದು ಮಧ್ಯಾಹ್ನ ಹಗ್ಗ ಹರಿದು ಒಂದು ಬಕೆಟ್ ನನ್ನ ಕಾಲ ಬಳಿ ಬಿತ್ತು. ನೀರಿಲ್ಲ, ಒಂದು ಸತ್ತ ದುಂಬಿಯೂ ಇಲ್ಲ. ವಾಸನೆಯ ಪೊಟ್ಟಣ ಮಾತ್ರ ಹೊಸದು. ತಳದಲ್ಲಿ ಕಾದ ಸರಳಿನಿಂದ ಸುಟ್ಟ ತೂತುಗಳು, ಅಂಚಿನ ಪ್ಲಾಸ್ಟಿಕ್ ಕರಗಿತ್ತು. ಉಳಿದವನ್ನೂ ಇಳಿಸಿ ನೋಡಿದೆ. ಎಲ್ಲವೂ ಹಾಗೆಯೇ. ಊರಿನ ದುಂಬಿಗಳನ್ನೆಲ್ಲ ನನ್ನ ತೋಟಕ್ಕೆ ಕರೆದು, ಒಂದನ್ನೂ ಕೊಲ್ಲದೆ ಬಿಟ್ಟಿದ್ದ. ಅಲ್ಲೇ ಕೂತು ಅತ್ತೆ.

ಮುಂದಿನ ವಾರ ಬಂದವನೇ ಸತ್ತ ಗಿಡಗಳತ್ತ ಕೈ ತೋರಿಸಿದ. “ತ್ವಾಟ ಹೆಂಗೂ ಹೋತಕ್ಕ. ಇನ್ನ ಸಹಿ ಹಾಕಿಬಿಡು.”

ಒಂದು ಬಕೆಟ್ ಎತ್ತಿ ಹಿಡಿದು ಅದರೊಳಗೆ ಕೊಡದ ನೀರು ಸುರಿದೆ. ಅಷ್ಟೂ ಅವನ ಬೂಟಿನ ಮೇಲೆ ಸುರಿಯಿತು. ತೂತು ಮಾಡಿದವರು ಯಾರೆಂದು ಅವನು ಕೇಳಲಿಲ್ಲ.

“ಇವತ್ತಿಲ್ಲ ನಾಳಿ ಧೂಳಿಗೆ ಸಾಯೋ ಗಿಡ ಅವು,” ಎಂದ.

“ನನ್ನ ಇನ್ನೊಮ್ಮೆ ಕೇಳಿದ್ರ ಬ್ಯಾಡ ಅಂತಿದ್ದೆ, ಅಷ್ಟ. ಬೆನ್ನಿಗೆ ಯಾಕ ಚೂರಿ ಹಾಕಿದ್ಯಲೇ? ನಾ ಸಾಯೋತನಕ ಸಹಿ ಹಾಕಂಗಿಲ್ಲ. ಹೋಗು.”

ಹೋದ. ಹೊಸ ಬಕೆಟ್ಟಿಗೆ ನೀರು ತುಂಬಿಸಿ, ವಾಸನೆಯ ಪೊಟ್ಟಣ ಇಟ್ಟು ನಾನೇ ಕಟ್ಟಿದೆ. ಮೂಲೆಯ ಕೆಲವು ಗಿಡ ಉಳಿದವು, ಈ ವರ್ಷ ಹೊಂಬಾಳೆಯನ್ನೂ ಬಿಟ್ಟವು.

ಬಂದ ವಾಸನೆಯನ್ನು ಒಡೆದು ಹಾಕಿ ಮರೆಸಲು ಹುಳಕ್ಕಾದರೂ ಏನೋ ಒಂದಿದೆಯಂತೆ. ನನಗಿಲ್ಲ. ರಸ್ತೆಯಲ್ಲಿ ಅವನ ಬೈಕಿನ ಸದ್ದು ಕೇಳಿದರೆ ಇವತ್ತಿಗೂ ಚಹಾಕ್ಕಿಡಲು ಏಳುತ್ತೇನೆ.