ಇಂಥ ಕೈ ಎಷ್ಟು ನೋಡಿದೀರಿ?

ಕ್ಯಾಲೆಂಡರಿನ ಹಿಂಬದಿಯಲ್ಲಿ ಅಮ್ಮ ಬರೆದಿಟ್ಟಿದ್ದ ಹನ್ನೊಂದು ನಂಬರುಗಳಲ್ಲಿ ಏಳನೆಯದಕ್ಕೆ ರೂಪ ಫೋನು ಮಾಡಿ ಮುಗಿಸುತ್ತಿದ್ದಳು. ಹೊರಗೆ ಶಾಮಿಯಾನದ ಕೆಳಗೆ ಅಮ್ಮ ಆಂಜಿನಮ್ಮನ ದೇಹ ಮಲಗಿಸಿದ್ದರು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವಳು ಗೋಡೆಗೆ ಒರಗಿದ್ದಳು, ಅಷ್ಟೆ. ಹೃದಯ ನಿಂತುಹೋಗಿತ್ತು.

"ನೆಂಟರಿಗೆಲ್ಲ ಹೇಳಿ ಆಯ್ತೇನಮ್ಮ?" ದೊಡ್ಡಪ್ಪ ಎರ್ರಪ್ಪ ಬಾಗಿಲಲ್ಲಿ ನಿಂತು ಕೇಳಿದರು.

"ತಮ್ಮ ಭಾನು ಹೇಳ್ತಾವ್ನೆ. ನಾನು ಇವರಿಗೆ ಹೇಳ್ತಿದೀನಿ."

"ಇವರು ಯಾರು?"

"ಅಮ್ಮನ ಥರ ಕೈ ಊದಿರೋರು."

ಎರ್ರಪ್ಪ ಮುಖ ಗಂಟಿಕ್ಕಿದರು. "ಮಣ್ಣಿಗೆ ಹೋಗೋ ದಿನಾನೂ ಆ ಕಾಯಿಲೆ ವಿಷ್ಯ ಬೇಕಾ, ಊರೋರ ಮುಂದೆ?"

"ಬೇಕು ದೊಡ್ಡಪ್ಪ," ಎಂದು ರೂಪ ಎಂಟನೆಯ ನಂಬರು ಒತ್ತಿದಳು.

*

ಒಂಬತ್ತು ವರ್ಷಗಳ ಹಿಂದೆ ಆಂಜಿನಮ್ಮನ ಬಲ ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಕ್ಯಾನ್ಸರ್ ಹೋಯಿತು. ಗಂಟು ತೆಗೆದ ಕಡೆ ನೀರು ಹರಿಯದೆ ಮರುವರ್ಷ ಬಲಗೈ ಊದತೊಡಗಿತು. ಬಳೆಗಳನ್ನು ಒಡೆದು ತೆಗೆಯಬೇಕಾಯಿತು, ರವಿಕೆಯ ತೋಳಿನ ಹೊಲಿಗೆ ಬಿಚ್ಚಬೇಕಾಯಿತು. ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ, ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆ ಹಿಡಿಯುವ ಕೈ ಅದು.

ಆಪರೇಷನ್ ಮಾಡಿದ ಡಾಕ್ಟರು, "ಜೀವ ಉಳಿದಿದೆಯಲ್ಲಮ್ಮ, ಕೈ ಇನ್ನು ಹೀಗೇ" ಎಂದರು. ಇನ್ನೊಬ್ಬರು ನೀರಿಳಿಸುವ ಮಾತ್ರೆ ಬರೆದುಕೊಟ್ಟರು. ಚಿಂತಾಮಣಿಯ ಕಡೆ ನಾಟಿವೈದ್ಯರೊಬ್ಬರು ಬಿಸಿ ಸೊಪ್ಪು ಕಟ್ಟಿದರು. ಕೈ ಕೆಂಪಗಾಗಿ, ಜ್ವರ ಬಂದು ನಾಲ್ಕು ದಿನ ಮಲಗಿದಳು. ಎದ್ದ ಮೇಲೆ ಅವಳು ಯಾವ ಬಾಗಿಲಿಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲೇ ಒಂದು ಮಾತು ಕೇಳುತ್ತಿದ್ದಳು.

"ಸಾರ್, ಇಂಥ ಕೈ ಎಷ್ಟು ನೋಡಿದೀರಿ?"

ಗೌರಿಬಿದನೂರಿನಲ್ಲಿ ಒಬ್ಬರು ಸಿಟ್ಟಾದರು. "ನನ್ನನ್ನೇ ಪರೀಕ್ಷೆ ಮಾಡ್ತೀಯಾ?"

"ರೇಷ್ಮೆಗೂಡು ಕೊಳ್ಳೋರೇ ಒಂದೆರಡು ಕೊಯ್ದು ನೋಡ್ತಾರೆ ಸಾರ್. ಇದು ನನ್ನ ಕೈ," ಎಂದು ಎದ್ದು ಬಂದಿದ್ದಳು. ಜೊತೆಗೆ ಹೋಗಿದ್ದ ರೂಪ ನಾಚಿಕೆಯಿಂದ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಿದ್ದಳು.

ಚಿಕ್ಕಬಳ್ಳಾಪುರದಲ್ಲಿ ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿದ್ದ ಫಿಸಿಯೋಥೆರಪಿಸ್ಟ್ ಲಾವಣ್ಯ ಮಾತ್ರ ಆ ಪ್ರಶ್ನೆಗೆ ಉತ್ತರ ಕೊಟ್ಟಳು.

"ನಲವತ್ತು ಚಿಲ್ಲರೆ. ಇದಕ್ಕೇ ಅಂತ ಬೇರೆ ತರಬೇತಿ ತಗೊಂಡಿದೀನಿ."

ಟೇಪು ತೆಗೆದು ಎರಡೂ ಕೈಗಳನ್ನು ಬೆರಳಿನಿಂದ ತೋಳಿನವರೆಗೆ ಅಳೆದಳು. ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ಹಗುರವಾಗಿ ನೀವಿದಳು, ಪದರ ಪದರವಾಗಿ ಪಟ್ಟಿ ಸುತ್ತಿದಳು. ವಾರಗಳ ನಂತರ ಊತ ಇಳಿದಾಗ ಕೈಗೆ ತೊಡುವ ಬಿಗಿಯಾದ ತೋಳುಚೀಲ ತರಿಸಿಕೊಟ್ಟಳು.

"ಪೂರ್ತಿ ಹೋಗಲ್ಲಮ್ಮ, ಹಿಡಿತದಲ್ಲಿ ಇಟ್ಕೋಬಹುದು. ಆದ್ರೆ ಈ ಕೈ ಬಿಸಿನೀರಿಗೆ ಹಾಕಬಾರದು."

"ಎಡಗೈ ಐತಲ್ಲ," ಎಂದಳು ಆಂಜಿನಮ್ಮ.

ಎಡಗೈಯಲ್ಲಿ ಎಳೆ ಹಿಡಿಯುವುದು ಕಲಿಯಲು ಐದು ತಿಂಗಳು ಹಿಡಿಯಿತು. ಆಮೇಲೆ ವಾರದ ರಜೆಯಲ್ಲೆಲ್ಲ ಕೈ ಊದಿದ ಹೆಂಗಸರನ್ನು ಹುಡುಕಿ, ಬಸ್ಸಿಗೆ ಕೂರಿಸಿಕೊಂಡು ಹೋಗಿ ಆ ಮೆಟ್ಟಿಲು ಹತ್ತಿಸತೊಡಗಿದಳು.

*

ಮಧ್ಯಾಹ್ನದ ಹೊತ್ತಿಗೆ ಆ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಬಂದರು. ಲಾವಣ್ಯಳೂ ಕ್ಲಿನಿಕ್ಕಿಗೆ ಬೀಗ ಹಾಕಿ ಬಂದಳು. ಬಂದವರಲ್ಲಿ ಒಬ್ಬಳಾದ ಕೈವಾರದ ಶ್ಯಾಮಲಮ್ಮ ರೂಪಳ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು:

"ಆಪರೇಷನ್ ಆದ್ಮೇಲೆ ನಮ್ಮನೇಲಿ ಯಾರೂ ನನ್ನ ಕೈ ಮುಟ್ತಿರಲಿಲ್ಲ ಕಣಮ್ಮ. ನಿಮ್ಮಮ್ಮ ಬಂದೋಳೇ ಹಿಡ್ಕೊಂಡ್ಲು."

ತಮಟೆ ಶುರುವಾಯಿತು. ಚಟ್ಟ ಬೀದಿಯ ತಿರುವಿಗೆ ಬಂದಾಗ ಎರ್ರಪ್ಪ ಅಡ್ಡ ನಿಂತರು.

"ಹೆಂಗಸರು ಇಲ್ಲಿಗೇ ನಿಲ್ಲಿ. ಗುಂಡಿ ಹತ್ರ ಬರೋ ಪದ್ಧತಿ ಇಲ್ಲ."

ಹೆಂಗಸರು ನಿಂತರು. ರೂಪ ಮುಂದೆ ಬಂದಳು.

"ಡಾಕ್ಟರೇ ಕೈ ಇನ್ನು ಹೀಗೇ ಅಂದ್ರೂ ಅಮ್ಮ ನಿಲ್ಲಲಿಲ್ಲ ದೊಡ್ಡಪ್ಪ. ನಾವೂ ನಿಲ್ಲಲ್ಲ."

"ಊರು ಏನಂತದೆ?"

ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಭಾನುಪ್ರಕಾಶ್ ತಿರುಗಿ ನೋಡದೆ, "ದಾರಿ ಬಿಡಿ ದೊಡ್ಡಪ್ಪ, ಬರ್ಲಿ" ಎಂದ.

ಎರ್ರಪ್ಪ ಬಿಡಲಿಲ್ಲ. ಅವರನ್ನು ಬಳಸಿಕೊಂಡೇ ಎಲ್ಲರೂ ಮುಂದೆ ನಡೆದರು.

ಗುಂಡಿಯ ಅಂಚಿನಲ್ಲಿ ಮೊದಲು ಭಾನು, ಆಮೇಲೆ ರೂಪ ಮಣ್ಣು ಹಾಕಿದರು. ಹೆಂಗಸರು ಸಾಲಾಗಿ ಬಗ್ಗಿದರು. ಒಂದರ ಪಕ್ಕ ಒಂದು ಒಂಬತ್ತು ದಪ್ಪ ಕೈಗಳು ಗುಂಡಿಯ ಮೇಲೆ ಚಾಚಿಕೊಂಡವು. ಕೆಂಪು ಮಣ್ಣು ಬೆರಳುಗಳ ಸಂದಿಯಿಂದ ಜಾರತೊಡಗಿತು.