ಗಂಡನ ಕೋಟಿಗೆ ಕತ್ತರಿ

ಕೈಯಲ್ಲಿ ಕಸುಬು ಇದೆ, ಕೆಲಸ ಕೊಡುವವರು ಮಾತ್ರ ಕಾಣುತ್ತಿಲ್ಲ. ಈ ಗೋಳು ನಿಮ್ಮ ಬೀದಿಯಲ್ಲೂ ಯಾವುದೋ ಮನೆಯಲ್ಲಿ ಇದ್ದೇ ಇರುತ್ತದೆ. ರಫೂ ಅಕ್ಕನ ಮನೆಯಲ್ಲೂ ಇತ್ತು.

ರಫೂ ಅಂದರೆ ತೇಪೆ ಹಾಕುವುದಲ್ಲ. ಅದೇ ಬಟ್ಟೆಯ ಎಳೆ ತೆಗೆದು, ಸೂಜಿಯಲ್ಲಿ ಒಂದೊಂದೇ ಎಳೆ ಹೆಣೆದು, ಹರಿದಿತ್ತು ಅನ್ನುವುದೇ ಗೊತ್ತಾಗದ ಹಾಗೆ ಮಾಡುವುದು. ಅಕ್ಕ ಹದಿನಾರು ವರ್ಷ ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಮುಖ ಹಾಕಿ ಕೂತು ಇದನ್ನೇ ಮಾಡಿದವಳು. ಗಿರಾಕಿಗಳಿಗೆ ಲಾಂಡ್ರಿಯ ಹೆಸರು ಗೊತ್ತಿತ್ತು. ಒಳಗೆ ಕೂತು ಕಣ್ಣು ಸವೆಸುವವಳು ಯಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಲಾಂಡ್ರಿಗೆ ಬೀಗ ಬಿತ್ತು, ಅವಳ ಹದಿನಾರು ವರ್ಷವೂ ಒಳಗೇ ಉಳಿಯಿತು.

ಗಂಡನಿಗೆ ಬೇಕರಿಯಲ್ಲಿ ಈಗ ಅರ್ಧ ಪಾಳಿ ಮಾತ್ರ. ಅವಳಿಗೆ ಕೆಲಸ ಸಿಗದಿದ್ದರೆ ತಿಂಗಳ ಕೊನೆಗೆ ಈ ಮನೆ ಬಿಟ್ಟು, ಭಾವನ ಮನೆಯ ಒಂದೇ ಕೋಣೆಯಲ್ಲಿ ಮಗಳನ್ನೂ ಕಟ್ಟಿಕೊಂಡು ಇರಬೇಕು. ಇದ್ದ ಆಸೆಯೆಲ್ಲ ಒಂದೇ ಕಡೆ: ದೊಡ್ಡ ನಾಟಕ ಮಂದಿರದಲ್ಲಿ ಹಳೆಯ ಉಡುಪುಗಳನ್ನು ನೋಡಿಕೊಳ್ಳುವ ಕೆಲಸ. ಅರ್ಜಿ ಹಾಕಿದ್ದಳು. ಕೆಲಸ ತೋರಿಸುವ ಪೇಜು ಇದ್ದರೆ ಕಳಿಸಿ ಅಂದಿದ್ದರು. ಗಂಡ ಹೆಂಡತಿ ಕೂತು ಫೋನಿನಲ್ಲಿ ಒಂದು ಪೇಜು ಮಾಡಿ ಕಳಿಸಿದ್ದರು.

ಅವತ್ತು ಮಧ್ಯಾಹ್ನ ಮೂರಕ್ಕೆ ನಾಟಕ ಮಂದಿರದ ಉಡುಪು ವಿಭಾಗದ ಮೇಡಂ ಫೋನು ಮಾಡಿದರು.

"ನಿಮ್ಮ ಪೇಜು ನೋಡಿದೆ ಅಮ್ಮ. ಒಳ್ಳೊಳ್ಳೆ ಶರ್ಟು, ಒಳ್ಳೊಳ್ಳೆ ಪ್ಯಾಂಟು. ನೀವು ಬಟ್ಟೆ ಮಾರ್ತೀರಾ?"

"ಅಯ್ಯೋ ಇಲ್ಲ ಮೇಡಂ! ಅವೆಲ್ಲ ಹರಿದಿದ್ವು."

"ಎಲ್ಲಿ ಹರಿದಿದ್ವು?"

"ಅದು... ಈಗ ಕಾಣಲ್ಲ ಮೇಡಂ."

"ಕಾಣದೇ ಇದ್ರೆ ನಾನು ಏನನ್ನ ನೋಡ್ಲಿ? ಐದು ಗಂಟೆಗೆ ನಮ್ಮ ಮೀಟಿಂಗು. ಇನ್ನೊಬ್ಬರ ಹೆಸರೂ ಇದೆ. ಅಷ್ಟರೊಳಗೆ ನಿಮ್ಮ ಕೈ ಕೆಲಸ ಏನಾದ್ರೂ ಹಾಕಿ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಅಕ್ಕ ಗಡಿಯಾರ ನೋಡಿದಳು. ಹಿಂದಿನ ಬೀದಿಯಲ್ಲೇ ಇದ್ದ ನಾದಿನಿಗೆ ಫೋನು ಮಾಡಿದಳು. ನಾದಿನಿ ಉದ್ಯೋಗ ಮಾಹಿತಿ ಕೇಂದ್ರದಲ್ಲಿ ಕೆಲಸ ಮಾಡುವವಳು, ಅವತ್ತು ರಜೆ. ಚಪ್ಪಲಿ ಬಿಡುತ್ತಲೇ ಫೋನು ಕಿತ್ತುಕೊಂಡು ಪೇಜು ತೆರೆದಳು. ಮೇಲೆ ಸೂಟು ಹಾಕಿಕೊಂಡು ನಗುತ್ತಿದ್ದ ಯಾವಳೋ ಚೆಲುವೆ. ಕೆಳಗೆ 'ವಿಶ್ವಮಟ್ಟದ ಫ್ಯಾಷನ್ ತಜ್ಞೆ' ಎಂದು ಬರೆದಿತ್ತು.

"ಇದ್ಯಾರು ಅತ್ತಿಗೆ?"

"ನಿಮ್ಮಣ್ಣನ್ನೇ ಕೇಳು."

"ನೆಟ್ಟಲ್ಲಿ ಸಿಕ್ತು," ಅಂದ ಪಾಳಿ ಮುಗಿಸಿ ಮನೆಯಲ್ಲೇ ಇದ್ದ ಗಂಡ. "ಸ್ವಲ್ಪ ಕಳೆ ಇರ್ಲಿ ಅಂತ."

"ಅಣ್ಣಾ, ನಾಳೆ ಅತ್ತಿಗೆ ಅಲ್ಲಿ ಹೋಗಿ ನಿಂತ್ರೆ, ಫೋಟೊದಲ್ಲಿರೋರು ಬರ್ಲಿಲ್ವಾ ಅಂತ ಕೇಳ್ತಾರಷ್ಟೇ! ಇದನ್ನ ನೋಡಿದೋರು ಉಳಿದಿದ್ದೂ ಸುಳ್ಳು ಅಂದ್ಕೊಳ್ಳಲ್ವಾ?"

ಗಂಡನಿಗೆ ಉರಿದುಹೋಯಿತು. "ಅದಕ್ಕೇ ಬಡ್ಕೊಂಡೆ, ಈ ಪೇಜು ಗೀಜು ನಮ್ಮಂಥೋರಿಗಲ್ಲ ಅಂತ. ಕೈ ಚೆನ್ನಾಗಿದ್ರೆ ಕೆಲಸ ತಾನಾಗೇ ಬರುತ್ತೆ."

"ಎರಡು ತಿಂಗಳಾಯ್ತಲ್ಲ ಅಣ್ಣಾ. ಬಂತಾ?"

ನಾದಿನಿ ಅಕ್ಕನ ಪಕ್ಕಕ್ಕೆ ಬಂದು ಕೂತಳು.

"ಮುಂಚೆ ಲಾಂಡ್ರಿ ಹೆಸರಿಗೇ ಕೆಲಸ ಬರ್ತಿತ್ತು. ಈಗ ಅತ್ತಿಗೆ ಪರವಾಗಿ ಹೇಳೋರು ಯಾರಿದಾರೆ? ಈ ಪೇಜೇ ಹೇಳ್ಬೇಕು. ಅತ್ತಿಗೆ, ಹರಿದಿದ್ದಾಗ ತೆಗೆದ ಫೋಟೊ ಒಂದೂ ಇಲ್ವಾ?"

"ಛೆ ಛೆ! ಗಿರಾಕಿ ಹರಕನ್ನ ಫೋಟೊ ತೆಗೆಯೋದಾ? ನಂಗೆ ಕೆಲಸ ಕಲಿಸಿದ ಸೋದರಮಾವ ಮೊದಲನೇ ದಿನಾನೇ ಆಣೆ ಹಾಕಿಸಿದ್ರು. ಯಾರ ಬಟ್ಟೆ ಎಲ್ಲಿ ಹರಿದಿತ್ತು ಅನ್ನೋದು ಈ ಕೋಣೆ ಬಿಟ್ಟು ಆಚೆ ಹೋಗ್ಬಾರ್ದು ಅಂತ."

"ಒಳ್ಳೇ ಮಾತೇ ಹೇಳಿದಾರೆ. ಅವರನ್ನ ಕೇಳದೆ ಅವರ ಬಟ್ಟೆ ಹಾಕೋದು ತಪ್ಪೇ. ಪೇಜಲ್ಲಿರೋ ಶರ್ಟು, ಪ್ಯಾಂಟೂ ಅಳಿಸ್ತೀನಿ. ಹಾಗಾದ್ರೆ ನಮ್ಮದನ್ನೇ ಹರಿಯೋಣ."

ನಾದಿನಿ ಒಂದು ಹಳೇ ಹಾಸಿಗೆ ಬಟ್ಟೆ ಎಳೆದು ತಂದಳು. ಅಕ್ಕ ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕಿಟ್ಟಳು. "ಇದು ಒರಟು ಕಣೇ, ಯಾರು ಬೇಕಾದ್ರೂ ಮಾಡ್ತಾರೆ. ನಾಟಕದೋರಿಗೆ ತೋರಿಸ್ಬೇಕಾದ್ರೆ ನಯವಾದ ಉಣ್ಣೆ ಬಟ್ಟೆ ಬೇಕು."

ಇಬ್ಬರ ಕಣ್ಣೂ ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಅಲ್ಲಿ ಗಂಡನ ಕೋಟು ತೂಗುತ್ತಿತ್ತು. ಮದುವೆಗೆ ಹೊಲಿಸಿದ್ದು. ಅದಕ್ಕೆ ನುಸಿ ಗುಳಿಗೆ ಹಾಕುವುದಕ್ಕೂ ಅವನು ಹೆಂಡತಿಗೆ ಬಿಡುತ್ತಿರಲಿಲ್ಲ.

"ಅದರ ತಂಟೆಗೆ ಬಂದ್ರೆ ನೋಡಿ ಮತ್ತೆ!" ಎಂದು ಗಂಡ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಅಕ್ಕ ಬೇಡಲಿಲ್ಲ. ಸೂಜಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಸೂಜಿ ಎಣಿಸುತ್ತ ಕೂತಳು. ಗಂಟೆ ಮೂರೂವರೆ ಆಯಿತು.

ಗಂಡ ಒಳಗೆ ಬಂದ. ಹದಿನಾರು ವರ್ಷ ಊಟದ ಡಬ್ಬಿ ಕೊಡಲು ಲಾಂಡ್ರಿಯ ಬಾಗಿಲವರೆಗೆ ಹೋಗಿದ್ದನೇ ಹೊರತು, ಅವಳು ಕೆಲಸ ಮಾಡುವುದನ್ನು ಅವನೂ ಒಂದು ದಿನ ನೋಡಿರಲಿಲ್ಲ.

"ಮೊದಲಿನ ಹಾಗೇ ಆಗುತ್ತಾ?" ಅಂದ.

"ನಾನು ಮಾಡಿದ್ದು ಒಂದಾದ್ರೂ ವಾಪಸ್ ಬಂದಿದೆ ಅಂತ ಕೇಳಿದೀರೇನ್ರೀ?"

ಅವನೇ ಕೋಟು ತೆಗೆದು ಮೇಜಿನ ಮೇಲೆ ಹಾಸಿದ. "ಎಲ್ಲಿ ಕತ್ತರಿಸ್ತೀಯ?"

"ಎದೆ ಮೇಲೆ."

"ಎದೆ ಮೇಲಾ? ಬೆನ್ನಿಗೆ ಹಾಕೇ!"

"ಬೆನ್ನಿಗೆ ಹಾಕಿದ್ರೆ ಬಚ್ಚಿಟ್ಟ ಹಾಗಾಗುತ್ತೆ."

ಅವನು ಗೋಡೆಯ ಕಡೆ ತಿರುಗಿ ನಿಂತ. ಕತ್ತರಿ ಕಚಕ್ ಎಂದಿತು. ಕೋಟಿನ ಎದೆಯಲ್ಲಿ ಕಿರುಬೆರಳ ಉಗುರಿನಷ್ಟು ತೂತು.

ನಾದಿನಿ ಕಿಟಕಿಯ ಹತ್ತಿರ ಫೋನನ್ನು ಡಬ್ಬಿಗೆ ಒರಗಿಸಿ, ಮೊದಲು ತೂತನ್ನೇ ಹತ್ತಿರದಿಂದ ವಿಡಿಯೋ ತೆಗೆದಳು. ಅಕ್ಕ ಕೋಟಿನ ಒಳಮಡಿಕೆಯಿಂದ ಎಳೆ ಬಿಡಿಸಿದಳು. ಆದರೆ ಅವಳ ಕಣ್ಣು ಮತ್ತೆ ಮತ್ತೆ ಫೋನಿನ ಕಡೆಗೇ ಹೋಗುತ್ತಿತ್ತು. ಎಳೆ ಪಟ್ಟನೆ ತುಂಡಾಯಿತು. ಇನ್ನೊಂದು ತೆಗೆದಳು, ಅದೂ ತುಂಡಾಯಿತು.

"ಮುಗೀತು ನನ್ನ ಕೋಟು," ಅಂದ ಗಂಡ.

"ಅಣ್ಣಾ, ಸುಮ್ನಿರು! ಅತ್ತಿಗೆ, ಫೋನು ನೋಡ್ಬೇಡಿ, ಬಟ್ಟೆ ನೋಡಿ. ಏನು ಮಾಡ್ತಿದೀರೋ ನಂಗೆ ಹೇಳ್ತಾ ಹೋಗಿ."

ಅಕ್ಕ ಮೂರನೆಯ ಎಳೆ ಬಿಡಿಸಿದಳು. "ನೋಡು, ಈ ಎಳೆ ಉದ್ದಕ್ಕೆ ಹೋಗುತ್ತೆ. ಇದು ಅಡ್ಡಕ್ಕೆ. ಒಂದರ ಮೇಲೆ, ಒಂದರ ಕೆಳಗೆ. ಅವಸರ ಮಾಡಿದ್ರೆ ಬಟ್ಟೆ ಮುದುಡುತ್ತೆ..." ಹೇಳುತ್ತಾ ಹೇಳುತ್ತಾ ಕೈ ಹದಕ್ಕೆ ಬಂತು. ಗಂಡ ಯಾವಾಗ ಬಂದು ಪರದೆ ಎತ್ತಿ ಹಿಡಿದು ಬೆಳಕು ಬಿಟ್ಟನೋ ಅವಳಿಗೆ ಗೊತ್ತೇ ಆಗಲಿಲ್ಲ.

ಕೊನೆಯ ಎಳೆ ಕೂಡಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದಾಗ ನಾಲ್ಕೂ ಮುಕ್ಕಾಲು. ನಾದಿನಿ ಆ ಚೆಲುವೆಯನ್ನು ಅಳಿಸಿ, ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದ ಅಕ್ಕನ ಫೋಟೊವನ್ನೇ ಹಾಕಿದಳು. ತಜ್ಞೆಯ ಜಾಗದಲ್ಲಿ ಅಕ್ಕ ಹೇಳಿದ್ದನ್ನೇ ಬರೆದಳು: 'ರಫೂ ಕೆಲಸ. ಹದಿನಾರು ವರ್ಷದ ಅನುಭವ. ಉಣ್ಣೆ, ರೇಷ್ಮೆ, ಹತ್ತಿ. ಚರ್ಮದ ಕೆಲಸ ಬರುವುದಿಲ್ಲ.'

"ಬರಲ್ಲ ಅಂತ ಯಾರಾದ್ರೂ ಹಾಕ್ತಾರಾ?" ಅಂದ ಗಂಡ.

"ಬರದಿದ್ದನ್ನ ಬರಲ್ಲ ಅಂದೋರು, ಬರುತ್ತೆ ಅಂದಾಗ ಜನ ನಂಬ್ತಾರೆ ಅಣ್ಣಾ."

"ಮನೆ ವಿಳಾಸನೂ ಹಾಕು ಮತ್ತೆ."

"ಬೇಡ! ಮನೆ ಎಲ್ಲಿದೆ ಅಂತ ಲೋಕಕ್ಕೆಲ್ಲ ಯಾಕೆ? ಬೇಕಾದೋರು ಪೇಜಲ್ಲೇ ಮೆಸೇಜು ಮಾಡ್ಲಿ. ಕೆಲಸ ಕೊಡಿಸ್ತೀನಿ, ಮೊದ್ಲು ಫೀಸು ಕಟ್ಟಿ ಅಂತ ಯಾರಾದ್ರೂ ಬಂದ್ರೆ ಉತ್ತರಾನೇ ಕೊಡ್ಬೇಡಿ."

ವೇಗ ಹೆಚ್ಚಿಸಿ ಐದು ನಿಮಿಷಕ್ಕೆ ಇಳಿಸಿದ ವಿಡಿಯೋ ಹೋಗುವಾಗ ಫೋನಿನ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಮೂವರೂ ಅದರ ಮೇಲೆ ಬಾಗಿ ನೋಡಿದರು. ಐದಕ್ಕೆ ನಾಲ್ಕು ನಿಮಿಷ ಇದ್ದಾಗ ಹೋಯಿತು.

ಆಮೇಲಿನ ಮುಕ್ಕಾಲು ಗಂಟೆ ಯಾರಿಗೂ ಬೇಡ. ಗಂಡ ಕೋಟು ಹಿಡಿದುಕೊಂಡು ಕಿಟಕಿಗೆ ಹೋಗುತ್ತಿದ್ದ, ಬರುತ್ತಿದ್ದ. ಕೊನೆಗೆ ಫೋನು ಬಂತು.

"ಅಮ್ಮಾ, ಇಲ್ಲಿ ದೊಡ್ಡ ಜಗಳ," ಅಂದರು ಮೇಡಂ. "ಕೊನೆಗೆ ತೋರಿಸಿರೋದು ಬೇರೆ ಕೋಟು, ಇದು ಮೋಸ ಅಂತಿದಾರೆ ನಮ್ಮ ನಿರ್ದೇಶಕರು."

ಅಕ್ಕ ಕೂಗಿಯೇಬಿಟ್ಟಳು. "ದೇವರಾಣೆ ಇಲ್ಲ ಮೇಡಂ! ಅದೇ ಕೋಟು. ನಮ್ಮನೆಯವರದ್ದು. ಅವರ ಹತ್ರ ಇರೋದೇ ಅದೊಂದು!"

ಆ ಕಡೆ ನಾಲ್ಕಾರು ಜನ ಗೊಳ್ಳೆಂದು ನಕ್ಕರು. "ನಂಗೆ ಗೊತ್ತು," ಅಂದರು ಮೇಡಂ. "ತೂತು ಬಿದ್ದಲ್ಲಿಂದ ಮುಚ್ಚೋವರೆಗೂ ನಿಮ್ಮ ಕೈ ನೋಡಿದೀನಿ. ಸೋಮವಾರ ಎಂಟಕ್ಕೆ ಕೆಲಸಕ್ಕೆ ಬನ್ನಿ. ಕೋಟೂ ತನ್ನಿ. ಅವರೇ ತೂತು ಹುಡುಕ್ಲಿ."

ಅಕ್ಕ ಫೋನು ಕೆಳಗಿಟ್ಟವಳೇ ನಾದಿನಿಯನ್ನು ತಬ್ಬಿಕೊಂಡು ಗಳಗಳ ಅತ್ತಳು. ಗಂಡ ಇನ್ನೂ ಕಿಟಕಿಯ ಹತ್ತಿರ ಕೋಟಿನ ಎದೆ ಸವರುತ್ತಿದ್ದ.

"ಎಲ್ಲೇ ಕತ್ತರಿಸಿದ್ದು? ನಂಗೂ ಸಿಗ್ತಿಲ್ಲ ಕಣೇ." ಕೋಟನ್ನು ಬೆಳಕಿಗೆ ಎತ್ತಿ ಹಿಡಿದ. "ಇಷ್ಟು ವರ್ಷ ನೀನು ಇದನ್ನಾ ಮಾಡ್ತಿದ್ದಿದ್ದು?" ಆಮೇಲೆ ತಂಗಿಯ ಕಡೆ ತಿರುಗಿದ. "ನಾಳೆ ಬೇಕರಿಗೆ ಬಂದು ನಾನು ಬ್ರೆಡ್ಡು ಮಾಡೋದನ್ನೂ ವಿಡಿಯೋ ತೆಗಿ. ಮುಖ ಮಾತ್ರ ನಂದೇ ಹಾಕು."

ಈಗ ನಿಮ್ಮನ್ನೇ ಕೇಳುತ್ತೇನೆ, ಓದುತ್ತಿರುವ ಅಕ್ಕ, ಅಣ್ಣ. ನಿಮ್ಮ ಕೈಗೆ ಏನು ಬರುತ್ತದೆ? ಅದನ್ನು ನೋಡಿದವರು ಯಾರಿದ್ದಾರೆ? ಮುಗಿದ ಕೆಲಸವನ್ನಷ್ಟೇ ಅಲ್ಲ, ಮಾಡುವ ಕೈಯನ್ನೂ ತೋರಿಸಿ. ನಿಮ್ಮದೇ ಮುಖ, ನಿಮ್ಮದೇ ಮಾತು ಇರಲಿ. ಬೇರೆಯವರದ್ದನ್ನು ಕೇಳದೆ ಹಾಕಬೇಡಿ. ಯಾರೋ ಮೂರು ಗಂಟೆಗೆ ಫೋನು ಮಾಡಿ ಗಡುವು ಕೊಡುವವರೆಗೆ ಕಾಯಬೇಡಿ, ಇವತ್ತೇ ಶುರು ಮಾಡಿ. ಎಲ್ಲರ ಮನೆಯಲ್ಲೂ ಕತ್ತರಿಸಲು ಒಂದು ಕೋಟು ಇರುವುದಿಲ್ಲ.